ಅಂಬಿಗನ ಎದೆಯ ಮೇಲಿನ ಕರಡಿ

ಹಿಂದೊಂದು ಕಾಲಕ್ಕೆ ಏಳುಹೊಳೆ ಎಂಬ ರಾಜ್ಯವಿತ್ತು. ಅಲ್ಲಿನ ದೊಡ್ಡ ಹೊಳೆಗೆ ಬೀರನೊಬ್ಬನೇ ಅಂಬಿಗ.

ಹೊಳೆಯ ನಡುಗಡ್ಡೆಯಲ್ಲಿ ಒಬ್ಬ ಮಾಂತ್ರಿಕನಿದ್ದ. ಎರಡು ದಡದ ಜನ ಒಬ್ಬರನ್ನೊಬ್ಬರು ಮರೆತರೆ ರಾಜ್ಯ ತನ್ನದಾಗುತ್ತದೆಂದು ಅವನು ಬೀರನ ಮೇಲೆ ಮಂಕುಬೂದಿ ಎರಚಿದ. ಬೂದಿಯೊಳಗಿಂದ ಕರಿಯ ಕರಡಿಯೊಂದು ಎದ್ದು ಬೀರನ ಎದೆಯ ಮೇಲೆ ಕೂತಿತು. ಅದು ಬೇರೆ ಯಾರ ಕಣ್ಣಿಗೂ ಕಾಣದು. ಬೀರ ಚಾಪೆ ಬಿಟ್ಟು ಏಳಲಾರದೆ ಹೋದ. ದೋಣಿ ದಡದಲ್ಲೇ ಒಣಗುತ್ತಾ ಬಿತ್ತು.

ಆಚೆ ದಡದಲ್ಲಿ ಅವನ ಅಕ್ಕ ಮಾಳವ್ವ ತುಂಬಿದ ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕು, ತಮ್ಮನೇ ಕರೆತರಬೇಕು.

ಅವ್ವ ದಿನವೂ ಕೇಳುವಳು, "ಹೇಗಿದ್ದೀಯಪ್ಪ?"

"ಚೆನ್ನಾಗಿದ್ದೀನಿ ಅವ್ವ."

ಆ ರಾಜ್ಯದಲ್ಲಿ ಈ ಪ್ರಶ್ನೆಗೆ ಬೇರೆ ಉತ್ತರ ಕೊಡುವುದು ನಾಚಿಕೆಗೇಡು. ಅವನು ಹಾಗೆಂದಾಗಲೆಲ್ಲ ಕರಡಿ ಇನ್ನಷ್ಟು ದಪ್ಪವಾಗುತ್ತಿತ್ತು.

ಒಂದು ದಿನ ಕೊಕ್ಕರೆಯೊಂದು ಅಂಗೈಯಗಲದ ಕನ್ನಡಿ ತಂದು ಅವನ ಪಕ್ಕ ಇಟ್ಟಿತು. ಅಕ್ಕ ಕಳಿಸಿದ್ದು. ಅದರ ಜೋಡಿ ಅವಳ ಕೈಯಲ್ಲಿತ್ತು. ಬೆರಳು ಸೋಕಿದರೆ ಬೆಳಗುವುದು, ಈ ದಡದ ಮಾತನ್ನು ಆ ದಡಕ್ಕೆ ಒಯ್ಯುವುದು.

ಕನ್ನಡಿ ಹೇಳಿತು, "ಬೀರಾ, ಇವತ್ತು ಕದ ತೆರೆ. ಅಷ್ಟು ಸಾಕು."

ತೆರೆದ. ಕನ್ನಡಿಯ ಅಂಚಿನಲ್ಲಿ ಒಂದು ಚುಕ್ಕಿ ಹೊಳೆಯಿತು.

"ದೋಣಿಯ ತನಕ ನಡೆದು, ಅದನ್ನು ಮುಟ್ಟಿ ಬಾ."

ಅರ್ಧದಾರಿಯಲ್ಲೇ ಕುಸಿದು ಕೂತ. ಕನ್ನಡಿ ಬೈಯಲಿಲ್ಲ, ಮರುದಿನ ಅದನ್ನೇ ಹೇಳಿತು. ಮುಟ್ಟಿ ಬಂದ. ಇನ್ನೊಂದು ಚುಕ್ಕಿ.

"ಈಗ ಅಕ್ಕನಿಗೆ ಹೇಳು, ಹೇಗಿದ್ದೀಯ?"

"ಚೆನ್ನಾಗಿದ್ದೀನಿ."

ಕನ್ನಡಿ ಕಪ್ಪಾಯಿತು. "ಈ ಮಾತನ್ನು ಆ ದಡಕ್ಕೆ ಒಯ್ಯಲಾರೆ. ಇದರೊಳಗೆ ನೀನೇ ಇಲ್ಲ."

ಕರಡಿ ನಕ್ಕಿತು. "ನಿಜ ಹೇಳ್ತೀಯೇನೋ? ಹೊಳೆ ಕಂಡರೆ ಅಳೋ ಅಂಬಿಗ! ಊರೆಲ್ಲ ಹಲ್ಲು ಕಿಸಿಯುತ್ತೆ."

ಬೀರ ಕನ್ನಡಿಯನ್ನು ತುಟಿಯ ಹತ್ತಿರ ತಂದ. ಆಮೇಲೆ ಹೇಳಿದ, "ಅಕ್ಕಾ, ನಾನು ಚೆನ್ನಾಗಿಲ್ಲ. ಎದೆಯ ಮೇಲೆ ಕರಡಿ ಕೂತಿದೆ."

ಮನೆಯೆಲ್ಲ ಬೆಳಕಾಯಿತು. ಕನ್ನಡಿಯೊಳಗಿಂದ ಅಕ್ಕನ ದನಿ ಬಂತು. "ಏನೋ ಆಗಿದೆ ಅಂತ ಗೊತ್ತಿತ್ತು ಕಣೋ. ಕರಡಿ ಇಳಿಯಲಿ ಅಂತ ಕಾಯಬೇಡ, ಅದನ್ನೂ ದೋಣಿಯಲ್ಲಿ ಕೂರಿಸಿಕೊಂಡು ಬಾ. ನಾನು ಮಾತಾಡ್ತಾನೇ ಇರ್ತೀನಿ."

ಅವ್ವ ಕೇಳಿಸಿಕೊಂಡಿದ್ದಳು. ಮಗನ ತೋಳು ಹಿಡಿದು ಹೊಳೆಗೆ ನಡೆಸಿಕೊಂಡು ಹೋದಳು.

ಬೀರ ಕರಡಿಯನ್ನೂ ಕೂರಿಸಿಕೊಂಡು ದೋಣಿ ಬಿಟ್ಟ. ನಡುನೀರಿನಲ್ಲಿ ಮಾಂತ್ರಿಕ ಎದ್ದು ನಿಂತ. "ಏನೋ ಅಂಬಿಗ, ಹೇಗಿದ್ದೀಯ?" ಅವನ ಮಾಯೆಯೆಲ್ಲ 'ಚೆನ್ನಾಗಿದ್ದೀನಿ' ಎಂಬ ಆ ಒಂದು ಸುಳ್ಳಿನ ಮೇಲೆ ನಿಂತಿತ್ತು.

"ಭಾರವಾಗಿದ್ದೀನಿ," ಅಂದ ಬೀರ. "ಆದರೂ ಹುಟ್ಟು ಹಾಕ್ತಿದ್ದೀನಿ."

ಮಾಂತ್ರಿಕ ಬೂದಿಯಾಗಿ ಉದುರಿ ನೀರಿನಲ್ಲಿ ಕರಗಿಹೋದ. ಕರಡಿ ಕುಗ್ಗಿ, ಮರಿಯಷ್ಟಾಗಿ, ದೋಣಿಯಿಂದಿಳಿದು ಈಜುತ್ತಾ ದೂರವಾಯಿತು.

ಮಾಳವ್ವ ತವರಿನಲ್ಲಿ ಹೆತ್ತಳು. ಮನೆಮನೆಗೂ ಅಂಥ ಕನ್ನಡಿ ಬಂತು. ಎರಡೂ ದಡದವರು ಸುಖವಾಗಿ ಬಾಳಿದರು. ಕರಡಿಮರಿ ಒಮ್ಮೊಮ್ಮೆ ದಡಕ್ಕೆ ಬಂದು ಇಣುಕುವುದುಂಟು. ಆಗ ಬೀರ ಕನ್ನಡಿಯನ್ನು ಬೆಳಗಿಸುತ್ತಾನೆ.

ಆ ರಾಜ್ಯದಲ್ಲಿ ಈಗಲೂ "ಹೇಗಿದ್ದೀಯ" ಎಂದು ಕೇಳುವವರು ಮೊದಲು ತಲೆಯ ಹೊರೆ ಇಳಿಸಿ, ಕೂತು, ಆಮೇಲೆ ಕೇಳುತ್ತಾರೆ.