ಅವನು ಕತ್ತರಿಸಲೆಂದೇ ಬರೆದ ಸಾಲುಗಳು

"ನನ್ನ ಕೊನೇ ಪ್ಯಾರಾ ಎಲ್ಲಿ?"

ಬಾಗಿಲು ತಟ್ಟದೆ ಪತ್ರಿಕೆಯ ಕಚೇರಿಯೊಳಗೆ ನುಗ್ಗಿ, ಭಾನುವಾರದ ಪುಟವನ್ನು ಮೇಜಿನ ಮೇಲೆ ಬಡಿದು ಅವಳು ಅವನಿಗೆ ಆಡಿದ ಮೊದಲ ಮಾತು ಅದು.

ಅವನು ತಲೆಯೆತ್ತಲಿಲ್ಲ. ಬಲಗೈಯಲ್ಲಿ ಉದ್ದನೆಯ ಕತ್ತರಿ, ಎಡಗೈ ಬೆರಳಿಗೆಲ್ಲ ಅಂಟು.

"ಜಾಗ ಇರ್ಲಿಲ್ಲ."

"ಜಾಗ ಇರ್ಲಿಲ್ವಾ? ಮೂರು ದಿನ ಬಸ್ಸಲ್ಲಿ ಮೈ ಕೈ ಮುರ್ಕೊಂಡು ಆ ಉಪ್ಪಿನ ಬಯಲು ನೋಡಿ ಬಂದಿದ್ದೇ ಆ ಒಂದು ಪ್ಯಾರಾಗೋಸ್ಕರ!"

"ಹಾಗಿದ್ರೆ ಅದನ್ನ ಮೊದಲೇ ಬರೀಬೇಕಿತ್ತು." ಈಗ ತಲೆಯೆತ್ತಿದ. "ಪುಟಕ್ಕೆ ಹೆಚ್ಚಾದ್ರೆ ನಾವು ಕತ್ತರಿಸೋದು ಕೆಳಗಿಂದ. ಯಾರದ್ದೇ ಆಗ್ಲಿ. ಮಂತ್ರಿ ಭಾಷಣಾನೂ ಅಷ್ಟೇ, ನಿಮ್ಮ ಉಪ್ಪೂ ಅಷ್ಟೇ."

ಅವಳಿಗೆ ನಗು ಬಂತು. ಜಗಳಕ್ಕೆಂದು ಬಂದವಳಿಗೆ ನಗು ಬರುವುದೆಂದರೆ ಎಂಥ ಸೋಲು!

"ಕತ್ತರಿಸಿದ್ದನ್ನ ಏನ್ಮಾಡ್ತೀರಿ?"

ಅವನು ಮೇಜಿನ ತುದಿ ತೋರಿಸಿದ. ಮರದ ತುಂಡಿನ ಮೇಲೆ ನೆಟ್ಟಗೆ ನಿಂತ ಚೂಪು ಕಂಬಿ. ಅದಕ್ಕೆ ಚುಚ್ಚಿದ ಕಾಗದದ ಪಟ್ಟಿಗಳು. ಎಲ್ಲಕ್ಕಿಂತ ಮೇಲೆ ಅವಳ ಕೈಬರಹ.

"ಕತ್ತರಿಸೋ ಮುಂಚೆ ಓದ್ತೀನಿ," ಅವನ ದನಿ ತಗ್ಗಿತು. "ಚೆನ್ನಾಗಿತ್ತು."

ಅಯ್ಯೋ... ಇವನು ಬೈದಿದ್ದರೇ ಎಷ್ಟೋ ವಾಸಿಯಿತ್ತಲ್ಲ!

ಕಚೇರಿಯಲ್ಲಿ ಎಲ್ಲರೂ ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಕೆಲವೇ ವಾರಗಳಲ್ಲಿ ಅವಳಿಗೂ ಒಂದು ಹೆಸರು ಬಿತ್ತು: ಚಕ್ರ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಅಂತ. ರೈಲು ಹಳಿ ಮುಗಿಯುವ ಊರು, ದೀಪಸ್ತಂಭವೊಂದೇ ಇರುವ ನಡುಗಡ್ಡೆ, ಗಣಿ ಮುಚ್ಚಿದ ಮೇಲೆ ಎರಡೇ ಮನೆ ಉಳಿದ ಬೀದಿ... ಒಂದು ವರ್ಷ ನಾಡೆಲ್ಲ ಸುತ್ತಿ ಬರೆದಳು. ಪ್ರತಿ ಶುಕ್ರವಾರ ಅವನ ಮೇಜಿನ ಎದುರು ಕೂತು ತನ್ನ ಬರಹ ತುಂಡಾಗುವುದನ್ನು ನೋಡಿದಳು. 'ನೀವು' ಎಂಬುದು ಯಾವ ಶುಕ್ರವಾರ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಲೇ ಎಲ್ಲ ಗಮನಿಸುತ್ತಿದ್ದಳು.

"ಕತ್ತರಿ ಜೊತೆ ಚಕ್ರ ಸೇರಿದ್ರೆ ಸಾಣೆ ಹಿಡಿಯೋ ಅಂಗಡಿ ಇಡ್ಬಹುದು ಕಣೇ."

"ಚಿಕ್ಕಮ್ಮಾ! ಸುಮ್ನಿರು."

"ನಾನು ಸುಮ್ನಿರ್ತೀನಿ. ನೀವಿಬ್ರೂ ಸುಮ್ನೇ ಇದ್ರೆ ಹೆಂಗೆ?"

ಆದರೆ ಇಬ್ಬರೂ ಸುಮ್ಮನೇ ಇದ್ದರು.

ಪತ್ರಿಕೆಯವರು ಅವಳನ್ನು ಎಂಟು ತಿಂಗಳು ಹೊರದೇಶಗಳಿಗೆ ಕಳಿಸಲು ನಿರ್ಧರಿಸಿದರು. ಹೊರಡುವ ದಿನ ಅವನು ಕಚೇರಿಯ ಮೆಟ್ಟಿಲವರೆಗೆ ಬಂದ. ಅವಳು ಕಾದಳು. ಒಂದು ಮಾತು... ಒಂದೇ ಒಂದು ಮಾತು ಸಾಕಿತ್ತು.

"ಜೋಪಾನ," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಉದ್ದ ಬರೀಬೇಡ."

"ಕತ್ತರಿಸೋಕೆ ನೀನಿದ್ದೀಯಲ್ಲ."

ಅವನು ನಕ್ಕ. ಅಷ್ಟೇ.

ಹಡಗಿನಲ್ಲಿ ಮೊದಲ ಬರಹ ಮುಗಿಸುವಾಗ ಅವಳಿಗೆ ಥಟ್ಟನೆ ಹೊಳೆಯಿತು. ಕೊನೆಯ ಪ್ಯಾರಾ ಹೇಗೂ ಅಚ್ಚಾಗುವುದಿಲ್ಲ. ಆದರೆ ಕತ್ತರಿಸುವ ಮುಂಚೆ ಅವನು ಓದುತ್ತಾನೆ. ಊರಿಗೆಲ್ಲ ಮೇಲಿನದು, ಅವನೊಬ್ಬನಿಗೆ ಕೆಳಗಿನದು! ಇದಕ್ಕಿಂತ ಒಳ್ಳೆಯ ಲಕೋಟೆ ಬೇಕೆ?

ಬಾಯಲ್ಲಿ ಬರದಿದ್ದುದೆಲ್ಲ ಅಲ್ಲಿ ಬಂತು. ಪುಟದ ಅಳತೆ ಲೆಕ್ಕ ಹಾಕಿ, ಸರಿಯಾಗಿ ಅದರ ಕೆಳಗೆ ಅವಳು ತನ್ನ ಮನಸ್ಸು ಬಿಚ್ಚಿಟ್ಟಳು. ಮುಂದಿನ ಊರಿನ ಅಂಚೆ ಕಚೇರಿಯ ವಿಳಾಸವನ್ನೂ ಬರೆದಳು. ಪ್ರತಿ ಊರಲ್ಲೂ ರೈಲಿಳಿದ ಕೂಡಲೇ ಹೋಗುತ್ತಿದ್ದುದು ಅಂಚೆ ಕಚೇರಿಗೆ. ಕಿಟಕಿಯಾಚೆಯ ಮುಖಗಳು ಬದಲಾದವು, ಉತ್ತರ ಬದಲಾಗಲಿಲ್ಲ. ಏಳು ಭಾಷೆಗಳಲ್ಲಿ ಅವಳು ಮೊದಲು ಕಲಿತ ಮಾತು ಒಂದೇ: ಏನೂ ಇಲ್ಲ.

ಓದಿದ್ದಾನೆ. ಓದಿಯೂ ಸುಮ್ಮನಿದ್ದಾನೆ. ಮೆಟ್ಟಿಲ ಮೇಲಿನ 'ಜೋಪಾನ'ದ ಅರ್ಥ ಅಷ್ಟೇ ಇತ್ತೇನೋ!

ಕೊನೆಯ ಊರಿನಲ್ಲಿ ಒಂದು ಶಾಲೆಯವರು ಎರಡು ವರ್ಷ ಪಾಠ ಮಾಡಲು ಕರೆದರು. ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕದೆ ಚೀಲದಲ್ಲಿಟ್ಟುಕೊಂಡು, ಕೊನೆಯ ಬರಹದ ಕೊನೆಯ ಪ್ಯಾರಾ ಬರೆದಳು: 'ಹದಿನಾಲ್ಕರ ಬೆಳಗಿನ ರೈಲಿಗೆ ಬರುತ್ತೇನೆ. ನೀನು ನಿಲ್ದಾಣದಲ್ಲಿದ್ದರೆ ಈ ಚಕ್ರ ಅಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ಇಲ್ಲಿನ ಶಾಲೆಗೆ ಪಾಠ ಮಾಡಲು ಬರುತ್ತೇನೆಂದು ಪತ್ರ ಹಾಕುತ್ತೇನೆ; ಎರಡು ವರ್ಷ ನಿನ್ನ ಮೇಜಿಗೆ ನನ್ನ ಕಾಗದ ಬರುವುದಿಲ್ಲ.'

ಹದಿನಾಲ್ಕನೇ ತಾರೀಖು ಅವಳು ರೈಲಿಳಿದಳು. ಜನ ಇಳಿದರು, ಅಪ್ಪಿಕೊಂಡರು, ಹೊರಟರು. ಕಸ ಗುಡಿಸುವ ಹೆಂಗಸು ಅವಳ ಪೆಟ್ಟಿಗೆಯ ಸುತ್ತ ಗುಡಿಸಿಕೊಂಡು ಹೋದಳು. ಎರಡನೇ ಸಲ ಬಂದಾಗ, "ಯಾರೂ ಬರ್ಲಿಲ್ವಾಮ್ಮ?" ಎಂದು ಕೇಳಿದಳು.

"ಇಲ್ಲ," ಎಂದಳು. ತನ್ನ ಭಾಷೆಯಲ್ಲೇ ಹೇಳುವಾಗ ಅದು ಎಷ್ಟು ಭಾರ!

ಬೆಂಚಿನ ಮೇಲೇ ಕೂತು ಶಾಲೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ನಿಲ್ದಾಣದ ಅಂಚೆ ಡಬ್ಬಿಗೆ ಪತ್ರ ಹಾಕಿದಳು. ಡಬ್ಬಿಯ ತಳಕ್ಕೆ ಅದು ಬಿದ್ದ ಸದ್ದು ಎದೆಗೇ ತಾಗಿತು.

ಉಳಿದದ್ದು ಕಚೇರಿಯ ಲೆಕ್ಕ ಚುಕ್ತಾ ಮಾಡುವುದು. ಮಧ್ಯಾಹ್ನ ಅಲ್ಲಿಗೆ ಹೋದರೆ ಅವನ ಹಳೆಯ ಮೇಜಿನ ಹಿಂದೆ ದೊಡ್ಡಪ್ಪ ಕೂತಿದ್ದರು. ಯಾರಿಗೂ ದೊಡ್ಡಪ್ಪನಲ್ಲದಿದ್ದರೂ ಎಲ್ಲರೂ ಹಾಗೇ ಕರೆಯುವ, ಮೂವತ್ತು ವರ್ಷ ಸರ್ವೀಸಿನ ದಪ್ಪ ಕನ್ನಡಕದ ಹಿರಿಯ. ಅವನೋ ಮೂಲೆಯ ಇನ್ನೊಂದು ಮೇಜಿನಲ್ಲಿ ಹವಾಮಾನದ ಅಂಕಣ ಅಂಟಿಸುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಕತ್ತರಿ ಕೈಜಾರಿ ಬಿತ್ತು.

"ಯಾವಾಗ... ಯಾವಾಗ ಬಂದ್ರಿ?"

ಬಂದ್ರಿ. ಎಂಟು ತಿಂಗಳಲ್ಲಿ ನಾನು ಮತ್ತೆ 'ನೀವು' ಆಗಿಬಿಟ್ಟೆ!

"ಗೊತ್ತಿಲ್ವಾ ನಿಮಗೆ?"

"ಯಾರೂ ಹೇಳ್ಲಿಲ್ಲ. ಚೆನ್ನಾಗಿ ಬರೀತಿದ್ರಿ. ಪ್ರತಿ ವಾರಾನೂ ಓದ್ತಿದ್ದೆ."

"ಓದಿಯೂ ಒಂದು ಕಾಗದ ಹಾಕೋಕಾಗ್ಲಿಲ್ವಾ?" ಅವಳು ಪೆಟ್ಟಿಗೆ ಕೆಳಗಿಟ್ಟಳು. "ಬೇಡ ಅಂತಾದ್ರೂ ಬರೀಬಹುದಿತ್ತಲ್ಲ!"

"ಏನು ಬೇಡ ಅಂತ? ಪೇಪರಲ್ಲಿ ಬಂದಿದ್ರಲ್ಲಿ ನನಗೆ ಅಂತ ಒಂದು ಸಾಲೂ ಇರ್ಲಿಲ್ಲ. ಆರಾಮಾಗಿದ್ದಾರೆ, ಮರೆತ್ರು ಅಂದ್ಕೊಂಡೆ."

"ಪೇಪರಲ್ಲಿ...?" ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ನನ್ನ ಬರಹ ಕತ್ತರಿಸ್ತಿದ್ದಿದ್ದು ಯಾರು?"

"ನಾನಮ್ಮ," ದೊಡ್ಡಪ್ಪ ಕನ್ನಡಕ ತೆಗೆದರು. "ನಿನ್ನ ಮೊದಲ ಲಕೋಟೆ ಬಂತಲ್ಲ, ಈ ಮಹಾರಾಯ ಅದನ್ನ ಒಡೀಲೇ ಇಲ್ಲ. ತಂದು ನನ್ನ ಮುಂದಿಟ್ಟ. 'ದೊಡ್ಡಪ್ಪ, ಅವಳ ಬರಹಕ್ಕೆ ಕತ್ತರಿ ಹಾಕೋಕೆ ಇನ್ನು ನನ್ನ ಕೈಲಾಗಲ್ಲ' ಅಂದ. ಕಾಡಿ ಬೇಡಿ ಹವಾಮಾನದ ಕೆಲಸ ಹಾಕಿಸ್ಕೊಂಡ."

"ನೀವು... ಓದ್ಲಿಲ್ವಾ?"

"ಓದಿದ್ರೆ ಕೈ ನಡುಗುತ್ತೆ ತಾಯಿ. ಅಳತೆ ನೋಡು, ಕತ್ತರಿಸು, ಚುಚ್ಚು. ನಾನು ಕಲಿತಿದ್ದು ಅಷ್ಟೇ."

ಕಂಬಿ ಅದೇ ಜಾಗದಲ್ಲಿತ್ತು, ಕಂಠಮಟ್ಟ ತುಂಬಿಕೊಂಡು. ಅವನು ಅದರ ಹತ್ತಿರ ಬಂದ. ಮೊದಲು ಕೈಗೆ ಸಿಕ್ಕಿದ್ದು ಕೊನೆಯದು.

'ಹದಿನಾಲ್ಕರ ಬೆಳಗಿನ ರೈಲಿಗೆ...'

ಅವನು ಗೋಡೆಯ ಕ್ಯಾಲೆಂಡರ್ ನೋಡಿದ. ಅವಳ ಕಾಲ ಬಳಿಯ ಪೆಟ್ಟಿಗೆ ನೋಡಿದ. ಅವಳ ಕೈಬರಹದ ಒಂದೊಂದೇ ಪಟ್ಟಿ ಕಿತ್ತು ಓದತೊಡಗಿದ, ಹಿಂದಿನಿಂದ ಮುಂದಕ್ಕೆ. ಒಬ್ಬ ಹುಡುಗಿಯ ಆಸೆ ಆರಿದ್ದನ್ನು ಮೊದಲು ಓದಿ, ಅದು ಹೊತ್ತಿಕೊಂಡ ದಿನದ ಕಡೆಗೆ ನಡೆದ.

'ಈ ಊರಿಗೆ ಹದಿನೇಳು ಸೇತುವೆ. ಹದಿನೇಳನೆಯದರ ಮೇಲೆ ಚಪ್ಪಲಿ ಕಿತ್ತುಹೋಯಿತು. ಹೊಲಿದವನು ದುಡ್ಡು ಬೇಡವೆಂದ. ನಾನು ಅಳುತ್ತಿದ್ದೆನಂತೆ.'

'ಇಲ್ಲಿ ಹೊತ್ತು ಮುಳುಗುವುದೇ ಇಲ್ಲ. ಮಲಗಲು ಕಪ್ಪು ಪರದೆ ಎಳೆಯಬೇಕು. ಎಳೆದರೆ ನೀನು ಕಾಣುತ್ತೀಯ. ಅದಕ್ಕೇ ಎಳೆಯುವುದಿಲ್ಲ.'

'ವಸ್ತುಸಂಗ್ರಹಾಲಯದಲ್ಲಿ ಎರಡು ಸಾವಿರ ವರ್ಷದ ಕತ್ತರಿ ನೋಡಿದೆ. ಕಾವಲುಗಾರನಿಗೆ ಅನುಮಾನ ಬರುವಷ್ಟು ಹೊತ್ತು ನಿಂತಿದ್ದೆ. ಅದೂ ಮಾತಾಡುವುದಿಲ್ಲ, ನಿನ್ನ ಹಾಗೇ.'

ತಳದಲ್ಲಿದ್ದುದು ಮೊದಲನೆಯದು.

'ಕತ್ತರಿ, ಇದು ನಿನಗೊಬ್ಬನಿಗೆ. ಹಡಗು ದಡ ಬಿಟ್ಟಾಗ ಎಲ್ಲರೂ ಮುಂದೆ ನೋಡುತ್ತಿದ್ದರು, ನಾನು ಹಿಂದೆ. ನನಗೆ ನೀನು ಬೇಕು. ಇದನ್ನು ಕಂಬಿಗೆ ಚುಚ್ಚಬೇಡ. ಜೇಬಿಗೆ ಹಾಕಿಕೋ.'

ಪಟ್ಟಿಯ ನಡುವೆ, ಸರಿಯಾಗಿ 'ಬೇಕು' ಎಂಬಲ್ಲಿ, ಕಂಬಿಯ ತೂತು.

ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಎಂಟು ತಿಂಗಳು ತಡವಾಗಿ.

"ಆ ಶಾಲೆಗೆ ಪತ್ರ...?"

"ಹಾಕ್ಬಿಟ್ಟೆ. ಬೆಳಿಗ್ಗೆ."

ದೊಡ್ಡಪ್ಪ ಮೆಲ್ಲನೆ ಎದ್ದು, ಇಲ್ಲದ ಕೆಲಸ ನೆನಪಿಸಿಕೊಂಡು ಹೊರಗೆ ಹೋದರು.

"ಬರಲ್ಲ ಅಂತ ಇನ್ನೊಂದು ಬರೆದ್ರೆ?"

"ಅಲ್ಲೊಬ್ರು ಟೀಚರ್ ಇದಾರೆ. ಅವರ ಮಗು ಬೇರೆ ಊರಲ್ಲಿ ಅಜ್ಜಿ ಹತ್ರ ಇದೆ. ನಾನು ಹೋದ್ರೇನೇ ಅವರಿಗೆ ಬಿಡುಗಡೆ." ಕಣ್ಣೀರು ಕೆನ್ನೆಗಿಳಿದರೂ ಅವಳು ಒರೆಸಿಕೊಳ್ಳಲಿಲ್ಲ. "ಮಾತು ಕೊಟ್ಟಾಯ್ತು."

ಅವನು ತನ್ನ ಮೇಜಿನ ಮೇಲಿನ ಹವಾಮಾನದ ಅಂಕಣ ಎತ್ತಿ ತೋರಿಸಿದ. ಸ್ಥಳೀಯ ಬಿಸಿಲು ಮಳೆಯ ಕೆಳಗೆ ಒಂದು ದೂರದ ಊರು. ಅವಳು ಕೊನೆಯದಾಗಿ ಬರೆದ ಊರು!

"ನೀನಿದ್ದ ಊರಿಂದು ಒಂದಿನಾನೂ ತಪ್ಪಿಸ್ಲಿಲ್ಲ. 'ಅಲ್ಲಿ ಚಳಿಯಾದ್ರೆ ನಮಗೇನ್ರೀ' ಅಂತ ಓದುಗರು ಬೈದು ಬರೆದ್ರು." ಅವನು ಅಂಕಣವನ್ನು ಕೆಳಗಿಟ್ಟ. "ಅವತ್ತು ಮೆಟ್ಟಿಲ ಮೇಲೆ 'ಜೋಪಾನ' ಅಂದ್ನಲ್ಲ... ಅದರ ಕೆಳಗೆ ಇನ್ನೂ ಇತ್ತು. ನಾನೇ ಕತ್ತರಿಸ್ಕೊಂಡೆ."

"ಏನಿತ್ತು?"

"ನೀನಿಲ್ದೆ ನಂಗಾಗಲ್ಲ ಅಂತ."

ಅವಳು ಅವನ ಅಂಟು ಮೆತ್ತಿದ ಬೆರಳುಗಳನ್ನು ಹಿಡಿದುಕೊಂಡಳು. ಬಿಡಿಸಿಕೊಳ್ಳಲು ಇಬ್ಬರಿಗೂ ಮನಸ್ಸಿರಲಿಲ್ಲ.

"ಹೋಗ್ಬೇಡ ಅನ್ಲಾ?"

"ಅನ್ಬೇಡ. ಅಂದ್ರೆ ಉಳ್ಕೊಂಡ್ಬಿಡ್ತೀನಿ."

ಹೊರಗೆ ಅಚ್ಚಿನ ಯಂತ್ರ ಶುರುವಾಯಿತು. ನೆಲ ಸಣ್ಣಗೆ ಅದುರಿತು.

"ಸರಿ. ನಿನ್ನ ಪುಟ ನಾಳೆಯಿಂದ ವಾಪಸ್ ತಗೋತೀನಿ," ಎಂದ. "ಎರಡು ವರ್ಷಾನೂ ಬರಿ. ಆದ್ರೆ ಈ ಸಲ ನನಗೆ ಅಂತ ಇರೋದನ್ನ ಮೊದಲ್ನೇ ಸಾಲಲ್ಲೇ ಬರಿ."

"ಅಯ್ಯೋ, ಊರೋರೆಲ್ಲ ಓದ್ತಾರೆ!"

"ಓದ್ಲಿ."