ಅಮೇರಾತಿನ ಹಳೆಯ ಬಾವಿ

೧೯೮೯ನೇ ಇಸವಿ ಫೆಬ್ರವರಿ ಹತ್ತು, ಶುಕ್ರವಾರ, ಒಮಾನಿನಲ್ಲಿ ವಾರದ ರಜೆ. ಬೆಳಿಗ್ಗೆ ಹತ್ತೂವರೆಗೆ ರೂವಿ ಠಾಣೆಗೆ ಗಂಡ ಹೆಂಡತಿ ಇಬ್ಬರು ಬಂದರು. ಇಗರ್ಜಿಯಲ್ಲಿ ಪೂಜೆ ಮುಗಿಸಿ ಅದೇ ಬಟ್ಟೆಯಲ್ಲಿ ಬಂದವರು. ಗಂಡ ಕ್ಲಾರೆನ್ಸ್, ಮಂಗಳೂರು ಕಡೆಯವನು, ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸ. ಹೆಂಡತಿ ಗ್ರೆಟ್ಟಾ.

ಇನ್‌ಸ್ಪೆಕ್ಟರ್ ಖಲ್ಫಾನ್ ಮುತ್ರಾ ಪೇಟೆಯ ಗುಜರಾತಿ ಅಂಗಡಿಗಳ ನಡುವೆ ಆಡಿ ಬೆಳೆದವರು. ಹಿಂದಿಯಲ್ಲೇ ಕೇಳಿದರು.

"ಏನು ಕಳುವಾಗಿದೆ?"

"ಡಿಟೆಕ್ಟರ್ ಸರ್. ಮಣ್ಣಿನಡಿ ಲೋಹ ಇದ್ದರೆ ಕೂಗುವ ಯಂತ್ರ. ಅದರ ಜೊತೆ ಒಂದು ನಕ್ಷೆ. ಬ್ರಿಟಿಷರ ಕಾಲದ್ದು."

"ಎಲ್ಲಿತ್ತು?"

"ಕಾರಿನ ಡಿಕ್ಕಿಯಲ್ಲಿ. ದಾರ್ಸೈಟಿನಲ್ಲಿ, ನಮ್ಮ ಬಿಲ್ಡಿಂಗಿನ ಕೆಳಗೆ. ನಿನ್ನೆ ಮಧ್ಯಾಹ್ನ ನಾನೇ ಇಟ್ಟದ್ದು."

"ಬೀಗ ಒಡೆದಿದ್ದಾರಾ?"

"ಒಡೆಯಲಿಕ್ಕೆ ಬೀಗ ಇದ್ದರಲ್ಲವಾ? ಅದು ಕೆಟ್ಟು ವರ್ಷವಾಯಿತು. ಸರಿ ಮಾಡಿಸಿ ಅಂತ ನಾನು ಹೇಳಿದ್ದೂ ವರ್ಷವಾಯಿತು," ಎಂದಳು ಗ್ರೆಟ್ಟಾ.

"ನಕ್ಷೆ ನಿಮ್ಮದಾ?"

ಕ್ಲಾರೆನ್ಸ್ ತಲೆ ತಗ್ಗಿಸಿದ. "ಆಫೀಸಿನದ್ದು. ಕೇಳದೆ ತಂದಿದ್ದೆ."

"ನಾಳೆ ಆಫೀಸು ತೆರೆಯುವಾಗ ಅದು ಕಪಾಟಿನಲ್ಲಿ ಇಲ್ಲದಿದ್ದರೆ ಖಲಾಸ್ ಸರ್," ಎಂದಳು ಗ್ರೆಟ್ಟಾ. "ವೀಸಾ ಕೊಟ್ಟ ಕಫೀಲ್ ಇವರನ್ನು ಊರಿಗೆ ಕಳಿಸುತ್ತಾನೆ. ಮಗಳಿಗೆ ಮುಂದಿನ ತಿಂಗಳು ಹತ್ತನೆಯ ಪರೀಕ್ಷೆ."

ಊರಿನ ಠಾಣೆಯಾಗಿದ್ದರೆ ಇದಕ್ಕೆ ಎಫ್‌ಐಆರ್ ಎನ್ನುತ್ತಿದ್ದರು. ಇಲ್ಲಿ ಕಾನ್‌ಸ್ಟೇಬಲ್ ನಾಸರ್ ಅದನ್ನು ಅರಬ್ಬಿಯಲ್ಲಿ, ಬಲದಿಂದ ಎಡಕ್ಕೆ ಬರೆದುಕೊಂಡ.

ಕ್ಲಾರೆನ್ಸ್ ತನ್ನ ಹವ್ಯಾಸವನ್ನು ವಿವರಿಸಿದ. ಹಳೆಯ ನಕ್ಷೆಯ ಮೇಲೆ ತೆಳು ಕಾಗದ ಹಾಸಿ ಒಂಟೆದಾರಿಯನ್ನು ತಿದ್ದಿಕೊಳ್ಳುವುದು. ಆ ಕಾಗದವನ್ನು ಹೊಸ ನಕ್ಷೆಯ ಮೇಲಿಟ್ಟು, ಹಳೆಯ ದಾರಿ ಈಗ ಎಲ್ಲಿ ಬರುತ್ತದೆಂದು ನೋಡುವುದು. ಶುಕ್ರವಾರ ಅಲ್ಲಿಗೆ ಹೋಗಿ ಯಂತ್ರ ಆಡಿಸುವುದು.

"ಬಾವಿಗಳೇ ಮುಖ್ಯ ಸರ್. ಮನುಷ್ಯ ನೀರಿಗೆ ಬಗ್ಗುವ ಕಡೆ ಸೊಂಟದಿಂದ ಏನಾದರೂ ಬಿದ್ದೇ ಬೀಳುತ್ತದೆ. ಸಿಕ್ಕಿದ್ದನ್ನೆಲ್ಲ ಸರಕಾರಕ್ಕೆ ಕೊಟ್ಟಿದ್ದೇವೆ, ಒಂದನ್ನೂ ಇಟ್ಟುಕೊಳ್ಳಲಿಲ್ಲ."

"ಕೊಟ್ಟಿದ್ದೇವೆ ಅಂದಿರಿ. ಯಾರ್ಯಾರು?"

"ಮೊದಲು ದೂಮಪ್ಪ ಬರುತ್ತಿದ್ದ. ಸ್ಟೋರ್‌ಕೀಪರ್, ನಮ್ಮ ಮೇಲಿನ ಮಾಳಿಗೆಯವನು. ಊರಿಗೆ ರಜೆಯಲ್ಲಿ ಹೋಗಿದ್ದ, ಹೋದ ವಾರ ಬಂದ. ಈಗ ಹೆರಾಲ್ಡ್. ಅವನ ಹತ್ತಿರ ಜೀಪ್ ಉಂಟು. ಇವತ್ತು ಅವನ ಜೊತೆ ಅಮೇರಾತಿನ ಕಡೆ ಹೊರಟಿದ್ದೆವು. ಅವನಿಗೆ ತೋರಿಸಲಿಕ್ಕೆಂದೇ ನಕ್ಷೆ ತಂದದ್ದು."

ಹೆರಾಲ್ಡ್ ಅಲ್ ಮಬೇಲಾದಲ್ಲಿ ಗ್ಯಾರೇಜು ನಡೆಸುವವನು. ಕರೆಸಿದಾಗ ಕೈಯ ಗ್ರೀಸು ಒರೆಸಿಕೊಳ್ಳುತ್ತಲೇ ಬಂದ.

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?"

"ಒಂದು ಲಾರಿಯ ಅಡಿಯಲ್ಲಿ. ಲಾರಿಯವನನ್ನೇ ಕೇಳಿ. ನಕ್ಷೆ ಕದ್ದು ನಾನೇನು ಮಾಡಲಿ ಸರ್? ಎಂಜಿನ್ ಬಿಟ್ಟರೆ ನನಗೆ ಬೇರೇನೂ ಓದಲಿಕ್ಕೆ ಬರುವುದಿಲ್ಲ."

ನಾಸರ್ ವಿಚಾರಿಸಿದ. ಮಾತು ನಿಜವಾಗಿತ್ತು.

ಮಧ್ಯಾಹ್ನದ ನಮಾಜು ಮುಗಿಸಿ ಖಲ್ಫಾನ್ ನಾಸರ್, ಕ್ಲಾರೆನ್ಸ್, ಹೆರಾಲ್ಡ್ ಮೂವರನ್ನೂ ಕರೆದುಕೊಂಡು ಜೀಪು ಹತ್ತಿದರು. "ನಕ್ಷೆ ಕದ್ದವನು ನಕ್ಷೆ ಹೇಳಿದಲ್ಲಿಗೆ ಹೋಗುತ್ತಾನೆ. ಯಲ್ಲಾ, ನಾವೂ ಹೋಗೋಣ."

ಅಮೇರಾತ್ ದಾಟಿದ ಮೇಲೆ ಡಾಂಬರು ಮುಗಿಯಿತು. ಎರಡು ಬೋಳು ಗುಡ್ಡಗಳ ನಡುವೆ ಒಣಗಿದ ಹೊಳೆ. ಕ್ಲಾರೆನ್ಸನ ನೆನಪಿನಂತೆ ನಕ್ಷೆಯಲ್ಲಿ ಬಾವಿಯ ಗುರುತು ಇದ್ದದ್ದು ಹೊಳೆಯ ಪಶ್ಚಿಮ ದಂಡೆಗೆ. ಅಲ್ಲಿ ಮೇಕೆಯ ಹೆಜ್ಜೆ ಬಿಟ್ಟರೆ ಏನೂ ಇರಲಿಲ್ಲ.

"ಯಾರೂ ಬಂದಿಲ್ಲ," ಎಂದ ನಾಸರ್.

ಕ್ಲಾರೆನ್ಸ್ ಹೊಳೆಯ ಆಚೆ ನೋಡುತ್ತಿದ್ದ. ಖಲ್ಫಾನ್ ಅವನ ಮುಖ ನೋಡಿದರು. "ಏನೋ ಹೇಳಲಿಕ್ಕಿದೆ ನಿಮಗೆ."

"ನಕ್ಷೆ ತಪ್ಪು ಸರ್. ಆಮೇಲೆ ದೊಡ್ಡ ನೆರೆ ಬಂದು ಹೊಳೆಯೇ ದಾರಿ ಬದಲಿಸಿದೆ. ಹಳೆಯ ಬಾವಿ ಇರುವುದು ಆಚೆ, ಆ ಒಂಟಿ ಗಾಫ್ ಮರದ ಹತ್ತಿರ."

"ಇದು ಯಾರಿಗೆಲ್ಲ ಗೊತ್ತು?"

"ನನಗೆ. ಮತ್ತೆ ದೂಮನಿಗೆ. ನಾವಿಬ್ಬರೂ ಎರಡು ನಕ್ಷೆಗಳನ್ನು ಇಟ್ಟುಕೊಂಡು ಕೂತು ಹುಡುಕಿದ್ದು."

ಮರದ ಬುಡದಿಂದ ಅನತಿ ದೂರದಲ್ಲಿ, ಹೂತುಹೋದ ಬಾವಿಯ ಅಂಚಿಗೆ, ಹೊಸದಾಗಿ ಅಗೆದ ಮಣ್ಣು. ಅಗೆದವನು ಕಳ್ಳನ ಹಾಗೆ ಗುಂಡಿ ತೆರೆದಿಟ್ಟು ಓಡಿರಲಿಲ್ಲ. ಮುಚ್ಚಿ, ಕೈಯಿಂದ ಸವರಿ, ಕಲ್ಲುಗಳನ್ನು ಮೊದಲಿದ್ದ ಹಾಗೇ ಇಟ್ಟಿದ್ದ. ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಒಡೆದ ತೆಂಗಿನಕಾಯಿಯ ಎರಡು ಹೋಳು, ಆಕಾಶಕ್ಕೆ ಮುಖ ಮಾಡಿ. ತಿರುಳು ಇನ್ನೂ ಬೆಳ್ಳಗಿತ್ತು. ಇರುವೆ ಮುತ್ತಿತ್ತು.

"ಇದು ಯಾರ ಪದ್ಧತಿ?" ಖಲ್ಫಾನ್ ಕೇಳಿದರು.

ಕ್ಲಾರೆನ್ಸ್ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. "ಕಾಯಿ ಒಡೆಯದೆ ದೂಮ ಮಣ್ಣಿಗೆ ಪಿಕಾಸಿ ಹಾಕಿದವನಲ್ಲ ಸರ್. ನಾನು ತಮಾಷೆ ಮಾಡುತ್ತಿದ್ದೆ, ನಿನ್ನ ದೈವಕ್ಕೆ ಒಮಾನಿನ ವೀಸಾ ಉಂಟಾ ಮಾರಾಯ ಅಂತ. ಭೂಮಿ ಎಲ್ಲಿಯದಾದರೂ ತಾಯಿಯೇ ಅನ್ನುತ್ತಿದ್ದ. ಆಮೇಲೆ ಆ ಕಾಯಿ ತಿನ್ನುತ್ತಿದ್ದದ್ದೂ ನಾನೇ."

ಅಲ್ಲೇ ಪಂಚನಾಮೆಯ ಶಾಸ್ತ್ರ ನಡೆಯಿತು. ಹೆರಾಲ್ಡ್ ಸಾಕ್ಷಿಯಾಗಿ ಸಹಿ ಹಾಕಿದ. ಹಿಂತಿರುಗುವಾಗ ಖಲ್ಫಾನ್ ತಮ್ಮಷ್ಟಕ್ಕೇ ಹೇಳಿಕೊಂಡರು: "ಜಾಗ ಗೊತ್ತಿದ್ದವನಿಗೆ ನಕ್ಷೆ ಬೇಕಿರಲಿಲ್ಲ. ಆದರೂ ತೆಗೆದುಕೊಂಡ. ಇನ್ನೊಬ್ಬರು ಅದನ್ನು ನೋಡಬಾರದು ಅಂತ."

ಸಂಜೆ ದೂಮಪ್ಪ ಸಿಕ್ಕಿದ್ದು ದಾರ್ಸೈಟಿನ ಕೃಷ್ಣ ದೇವಸ್ಥಾನದಲ್ಲಿ. ಆರತಿ ನಡೆಯುತ್ತಿತ್ತು. ನಾಸರ್ ಒಳಗೆ ಹೆಜ್ಜೆ ಇಡಹೊರಟಾಗ ಖಲ್ಫಾನ್ ಅವನ ತೋಳು ಹಿಡಿದರು. "ಮುಗಿಯಲಿ." ಇಬ್ಬರೂ ಚಪ್ಪಲಿಗಳ ಸಾಲಿನ ಈಚೆ ನಿಂತರು. ಗಂಟೆಯ ನಾದ ಅಡಗಿದ ಮೇಲೆ ದೂಮಪ್ಪ ಹೊರಬಂದ. ಸಮವಸ್ತ್ರ ನೋಡಿ, ಕೈಯಲ್ಲಿದ್ದ ತೀರ್ಥ ಕುಡಿದು, ತಲೆಗೆ ಒರೆಸಿಕೊಂಡು, ತಾನೇ ಅವರ ಹತ್ತಿರ ಬಂದ.

ಅವನ ಕೋಣೆಯ ಮಂಚದ ಕೆಳಗೆ ಯಂತ್ರವಿತ್ತು. ನಕ್ಷೆ ಒಗೆದ ಬೆಳ್ಳನೆಯ ಪಂಚೆಯಲ್ಲಿ ಸುತ್ತಿಟ್ಟಿತ್ತು, ಒಂದು ಮಡಿಕೆಯೂ ಹೆಚ್ಚಾಗದಂತೆ. ಅದರೊಳಗೆ ನಾಲಿಗೆ ಕಳಚಿದ ಒಂದು ಹಿತ್ತಾಳೆ ಗಂಟೆ, ಒಂಟೆಯ ಕೊರಳಿನದ್ದು. ಖಲ್ಫಾನ್ ನಕ್ಷೆಯ ಫೋಟೊ ತೆಗೆಸಿ, ಸಹಿ ಪಡೆದು, ಕ್ಲಾರೆನ್ಸನ ಕೈಗೆ ಕೊಟ್ಟರು. "ಕಪಾಟಿನಲ್ಲಿ ಇಡುವ ಮೊದಲು ಮ್ಯಾನೇಜರಿಗೆ ನೀವೇ ಹೇಳಿ," ಎಂದರು. ಗ್ರೆಟ್ಟಾ ಶಿಲುಬೆಯ ಗುರುತು ಹಾಕಿಕೊಂಡಳು.

ಠಾಣೆಯಲ್ಲಿ, ಕ್ಲಾರೆನ್ಸನ ಎದುರಿಗೇ, ದೂಮಪ್ಪನ ವಿಚಾರಣೆ.

"ನಕ್ಷೆ ಬಂದದ್ದು ಹೇಗೆ ಗೊತ್ತಾಯಿತು?"

"ಗ್ರೆಟ್ಟಾಬಾಯಿ ಮೆಟ್ಟಿಲಲ್ಲಿ ಸಿಕ್ಕಿದಾಗ ಹೇಳಿದರು. ಶುಕ್ರವಾರ ಇವರಿಬ್ಬರೂ ಬಾವಿಗೆ ಹೋಗುತ್ತಾರೆ, ನಕ್ಷೆಯನ್ನೂ ತರುತ್ತಾರೆ ಅಂತ."

"ಅದಕ್ಕೆ ಕದಿಯುವುದಾ?"

"ಆ ಬಾವಿಗೆ ನಾನು ಬಂದ ಮೇಲೆ ಹೋಗುವಾ ಅಂತ ಇವನೇ ಹೇಳಿದ್ದು ಸರ್. ಅದಕ್ಕೆಂದೇ ಮನೆಯ ಮರದ ಕಾಯಿ ತಂದಿದ್ದೆ, ಬಟ್ಟೆಯ ನಡುವೆ ಇಟ್ಟುಕೊಂಡು. ಬಂದು ನೋಡುತ್ತೇನೆ, ನನ್ನ ಜಾಗದಲ್ಲಿ ಜೀಪಿನ ಹೆರಾಲ್ಡ್. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ? ಆ ನಕ್ಷೆಯನ್ನು ಇವನು ನನಗೊಬ್ಬನಿಗೇ ತೋರಿಸಿದ್ದ."

"ಅವನ ಕೆಲಸ ಹೋಗುತ್ತದೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಕೇಳಿದರೆ ಕೊಡುವುದು ಅಂತಲೇ ಇದ್ದೆ. ನಿನ್ನೆ ಸಂಜೆಯೇ ಟ್ಯಾಕ್ಸಿ ಹಿಡಿದು ಹೋಗಿ ಅಗೆದು ಬಂದಿದ್ದೆ, ಇವತ್ತು ಬೆಳಿಗ್ಗೆಯಿಂದ ಬಾಗಿಲು ತೆರೆದಿಟ್ಟುಕೊಂಡು ಕೂತೆ. ಇವನು ಒಂದು ಮಾಳಿಗೆ ಹತ್ತಿ ಬರಲಿಲ್ಲ. ಠಾಣೆಗೆ ಬಂದ."

"ನೀನು ಮಣ್ಣಿನ ಹತ್ತಿರ ಅಪ್ಪಣೆ ಕೇಳಿದೆ. ನನ್ನನ್ನೂ ಕರೆದುಕೊಂಡು ಹೋಗು ಅಂತ ಗೆಳೆಯನ ಹತ್ತಿರ ಯಾಕೆ ಕೇಳಲಿಲ್ಲ?"

"ಮಣ್ಣಿನ ಹತ್ತಿರ ಕೇಳಲಿಕ್ಕೆ ನಾಚಿಕೆ ಇಲ್ಲ ಸರ್."

ಖಲ್ಫಾನ್ ಲೇಖನಿ ಕೆಳಗಿಟ್ಟರು. ಸಂಜೆ ಏಳೂಕಾಲಿಗೆ ದಸ್ತಗಿರಿ ದಾಖಲಾಯಿತು. ನಾಸರ್ ಕೋಳ ತೊಡಿಸಿದ.

"ಗಂಟೆ ಸಿಕ್ಕಿದಾಗ ಏನನ್ನಿಸಿತು?" ಇನ್‌ಸ್ಪೆಕ್ಟರ್ ಕೇಳಿದ ಈ ಪ್ರಶ್ನೆ ದಾಖಲೆಗಾಗಿ ಅಲ್ಲ.

"ಖುಷಿಯಾಗಿ ಹಿಂದೆ ತಿರುಗಿದೆ ಸರ್. ತೋರಿಸಲಿಕ್ಕೆ ಯಾರೂ ಇರಲಿಲ್ಲ."

ನಕ್ಷೆಯನ್ನು ಎದೆಗೊತ್ತಿಕೊಂಡು ಬಾಗಿಲವರೆಗೆ ಹೋಗಿದ್ದ ಕ್ಲಾರೆನ್ಸ್ ಹಿಂತಿರುಗಿ ಬಂದ. ಮೇಜಿನ ಮೇಲಿನ ಗಂಟೆಯನ್ನು ಎತ್ತಿ ಅಲ್ಲಾಡಿಸಿದ. ಸದ್ದಾಗಲಿಲ್ಲ. ತುಂಬ ಹೊತ್ತು ಅದನ್ನೇ ತಿರುಗಿಸಿ ನೋಡಿದ.

"ಎಷ್ಟು ಆಳದಲ್ಲಿತ್ತು ದೂಮ?"

ದೂಮಪ್ಪ ಕೋಳ ತೊಟ್ಟ ಎರಡೂ ಕೈಗಳನ್ನು ಒಟ್ಟಿಗೆ ಎತ್ತಿ, ಒಂದು ಕೈಯ ಬೆರಳನ್ನು ಇನ್ನೊಂದರ ಮೊಣಕೈಯತ್ತ ಚಾಚಿ, ಅಷ್ಟು ಆಳವೆಂದು ತೋರಿಸಿದ.