ಐವತ್ತೊಂದು ಎಪ್ಪತ್ತೊಂಬತ್ತು

1997ರ ಫೆಬ್ರವರಿ 17, ಸೋಮವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಬಾಲಾನಗರದ ಪೊಲೀಸ್ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ದೂರುದಾರನ ಲಾರಿ ಅವನ ಶೆಡ್ಡಿನಲ್ಲೇ ನಿಂತಿತ್ತು. ಬೀಗ ಒಡೆದಿರಲಿಲ್ಲ. ಅದೇ ಹಸಿರು ಬಣ್ಣ, ಅದೇ ನಂಬರ್ ಪ್ಲೇಟು. ಆದರೂ ಅದು ತನ್ನ ಲಾರಿಯಲ್ಲ ಎನ್ನುತ್ತಿದ್ದ ಅವನು.

ಹೆಸರು ಚನ್ನಬಸಪ್ಪ. ಊರು ಹುಮನಾಬಾದ್. ಹುಟ್ಟಿ ಬೆಳೆದದ್ದೆಲ್ಲ ಬಾಲಾನಗರದಲ್ಲಿ. ಸಬ್ ಇನ್‌ಸ್ಪೆಕ್ಟರ್ ಕಮಲಾಕ್ಷಿಯ ಮನೆಮಾತೂ ಕನ್ನಡ ಎಂದು ತಿಳಿದ ಮೇಲೆ ಅವನ ತೆಲುಗು ನಿಂತಿತು.

"ಲಾರಿ ಹೋಗೈತಿ ಅಂತೀರಿ. ಲಾರಿ ಐತಿ ಅಂತೀರಿ. ಏನಂತ ಬರಕೊಳ್ಳಲಿ?"

"ಬೆರಳಿಗೆ ಚುಚ್ಚಿತ್ರಿ ಮೇಡಂ."

"ಏನು ಚುಚ್ಚಿತು?"

"ನಂಬರು."

ಹೆಡ್ ಕಾನ್‌ಸ್ಟೆಬಲ್ ವೆಂಕಟೇಶ ನಗು ತಡೆಯಲು ಕಿಟಕಿಯ ಕಡೆ ತಿರುಗಿದ.

ಚನ್ನಬಸಪ್ಪ ವಿವರಿಸಿದ. ಅದು ಯುದ್ಧಕಾಲದ ಮಿಲಿಟರಿ ಲಾರಿ. ತಂದೆ ಗುರುಲಿಂಗಪ್ಪ ಹರಾಜಿನಲ್ಲಿ ಒಂದೇ ತರಹದ ಎರಡು ಹಿಡಿದಿದ್ದರು. ಒಂದನ್ನು ತಾವೇ ಓಡಿಸುತ್ತಿದ್ದರು. ಪ್ರತಿ ಸೋಮವಾರ ಅದರ ಚಾಸಿ ನಂಬರಿನ ಮೇಲೆ ಮೂರು ಬೆರಳಿನಿಂದ ವಿಭೂತಿ ತೀಡುತ್ತಿದ್ದರು. ಅದು ಗಾಡಿಯ ಹಣೆಯಂತೆ. ಅವರು ತೀರಿಕೊಂಡ ಮೇಲೆ ಆ ಲಾರಿ ಕಿರಿಯವನಾದ ಇವನಿಗೆ ಬಂತು, ಇನ್ನೊಂದು ಅಣ್ಣ ಸಿದ್ದರಾಮಪ್ಪನಿಗೆ. ವಿಭೂತಿ ಹಚ್ಚುವುದನ್ನು ಇವನೂ ಬಿಡಲಿಲ್ಲ.

"ತೀಡಿ ತೀಡಿ ನಮ್ಮ ನಂಬರು ಹಳೇ ದುಡ್ಡಿನಂಗ ಸವದಿತ್ರಿ. ಇವತ್ತ ಹಚ್ಚಾಕ ಹೋದ್ರ ಅಂಚು ಚುಚ್ಚಿತು. ನೋಡ್ರಿ."

ಅವನ ಉಂಗುರ ಬೆರಳಿನ ತುದಿಯಲ್ಲಿ ಸಣ್ಣ ಗೀರಿತ್ತು. ಕಮಲಾಕ್ಷಿ ಎಫ್‌ಐಆರ್ ಬರೆಸಿದಳು.

ಶೆಡ್ಡಿನ ಗೋಡೆಯ ಮೇಲೆ ಪತ್ರಿಕೆಯ ಚಿತ್ರವೊಂದಕ್ಕೆ ಕಟ್ಟು ಹಾಕಿ ತೂಗುಹಾಕಲಾಗಿತ್ತು. ಹಳೆ ವಾಹನಗಳ ಪ್ರದರ್ಶನದಲ್ಲಿ ಸ್ಟಿಯರಿಂಗ್ ಹಿಡಿದು ಕೂತ ಚನ್ನಬಸಪ್ಪ. ಚಿತ್ರದ ಅಂಚಿನಲ್ಲಿ ಬಿಳಿ ಅಂಗಿಯ ಒಂದು ಮೊಣಕೈ.

"ಈ ಕೈ ಯಾರದು?"

"ಅಣ್ಣಾರದ್ರಿ. ಬಾಜೂಕ ನಿಂತಿದ್ರು. ಪೇಪರಿನವರು ಕತ್ತರಿಸಿಬಿಟ್ರು."

"ಶೆಡ್ಡಿನ ಇನ್ನೊಂದು ಚಾವಿ?"

ಅವನು ತಡವರಿಸಿದ. "ಮದವಿಗಂತ ಹ್ವಾದ ವಾರ ಊರಿಗೆ ಹೋಗಿದ್ದೆವ್ರಿ. ಅಣ್ಣಾರ ಕಡೆ ಕೊಟ್ಟಿದ್ದೆ. ಆದ್ರ ಅವರ ಮ್ಯಾಲ ಸಂಶೇ ಬ್ಯಾಡ್ರಿ. ಅವರ ಲಾರಿ ದಸರಾಕ್ಕ ಮೊದಲೇ ಗುಜರಿಗೆ ಹೋತು."

ಕಮಲಾಕ್ಷಿ ಆ ಮೊಣಕೈಯನ್ನು ಇನ್ನೊಮ್ಮೆ ನೋಡಿದಳು. ಚಿಕ್ಕಂದಿನಲ್ಲಿ ಅಪ್ಪನ ಸ್ಕೂಟರಿನ ಮುಂದೆ ನಿಲ್ಲುತ್ತಿದ್ದವಳು ತಂಗಿ ಪ್ರಫುಲ್ಲಾ. ಗಾಳಿ, ರಸ್ತೆ, ಹಾರನ್ನಿನ ಗುಂಡಿ ಎಲ್ಲ ಅವಳದು. ಹಿಂದೆ ಕೂತ ಕಮಲಾಕ್ಷಿಗೆ ಕಾಣುತ್ತಿದ್ದದ್ದು ಅಪ್ಪನ ಅಂಗಿಯ ಬೆನ್ನು ಮಾತ್ರ.

ಪಂಚನಾಮೆ ಶುರುವಾಯಿತು. ಚಾಸಿಯ ಬಲಪಟ್ಟಿಯ ಮೇಲೆ, ಮುಂದಿನ ಚಕ್ರದ ಹತ್ತಿರ, ನಂಬರು ಸ್ಪಷ್ಟವಾಗಿತ್ತು. ಕೊನೆಯ ನಾಲ್ಕು ಅಂಕಿ 5179. ದಾಖಲೆಗೂ ತಾಳೆಯಾಯಿತು. ವೆಂಕಟೇಶ ಹುಬ್ಬೇರಿಸಿದ. ಆದರೆ ಅಂಕಿಗಳ ಸುತ್ತ ಲೋಹ ಸ್ವಲ್ಪ ತಗ್ಗಿತ್ತು. ಗ್ರೈಂಡರ್ ಆಡಿಸಿದ ಗುರುತು ಬಣ್ಣದ ಕೆಳಗೂ ಕೈಗೆ ಸಿಗುತ್ತಿತ್ತು.

"ಮತ್ತೆಲ್ಲಾದರೂ ನಂಬರು ಐತೇನು?"

"ಮುಂದಿನ ಆಕ್ಸಲ್ ಮ್ಯಾಲ ಐತ್ರಿ. ಕಳ್ಳರು ಆಕ್ಸಲ್ ಬದಲು ಮಾಡ್ತಾರಂತ ಅಪ್ಪ ಎರಡೂ ಗಾಡಿಗೆ ಅದರದರ ಚಾಸಿ ನಂಬರಿನ ಕೊನೇ ನಾಕು ಅಂಕಿ ಹೊಡಿಸಿದ್ದ."

ಕಾನ್‌ಸ್ಟೆಬಲ್ ಖಾಜಾ ಸೀಮೆಎಣ್ಣೆಯ ಬಟ್ಟೆ, ಟಾರ್ಚು ಹಿಡಿದು ಲಾರಿಯ ಕೆಳಗೆ ನುಸುಳಿದ. ಸ್ವಲ್ಪ ಹೊತ್ತು ಜಿಡ್ಡು ಉಜ್ಜುವ ಸದ್ದು. ಆಮೇಲೆ ಕೂಗಿದ: "ಇಕ್ಯಾವನ್ ಉನಹತ್ತರ್, ಮೇಡಂ!"

ಕಮಲಾಕ್ಷಿ 5179 ಎಂದು ಬರೆದುಕೊಂಡಳು. ಹೊರಗೆ ಬಂದ ಖಾಜಾ ಹಾಳೆಯ ಮೇಲೆ ಬಗ್ಗಿದ.

"ಮೇಡಂ, ಛೇ ಲಿಖೋ. ಆಪ್ ಸಾತ್ ಲಿಖ್ ದಿಯೇ."

ಏಳಲ್ಲ, ಆರು ಬರೆಯಬೇಕಂತೆ. ಅವಳು ತಾನೇ ಮೊಣಕಾಲೂರಿ ನೋಡಿದಳು. ಆಕ್ಸಲ್ ಮೇಲೆ ಇದ್ದದ್ದು 5169. ಚಾಸಿಯ ಮೇಲೆ ಎಪ್ಪತ್ತೊಂಬತ್ತು, ಆಕ್ಸಲ್ ಮೇಲೆ ಅರವತ್ತೊಂಬತ್ತು. ಎರಡೂ ಹೊಸ ಹೊಡೆತ.

ಕೆನ್ನೆ ಬಿಸಿಯಾಯಿತು. ಮರುಕ್ಷಣವೇ ತನ್ನ ತಪ್ಪು ಎಲ್ಲಿಂದ ಬಂತೆಂದು ಹೊಳೆಯಿತು. ಉನಹತ್ತರ್ ಎಂದರೆ ಅರವತ್ತೊಂಬತ್ತು. ಎಪ್ಪತ್ತೊಂದು ಇಕಹತ್ತರ್, ಎಪ್ಪತ್ತೆರಡು ಬಹತ್ತರ್ ಆದ್ದರಿಂದ ಕನ್ನಡದ ಕಿವಿಗೆ ಅದು ಎಪ್ಪತ್ತರ ಮನೆಯ ಒಂಬತ್ತರಂತೆ ಕೇಳುತ್ತದೆ. ಅವಳ ತಾಯಿ ಉಮಾಬಾಯಿ ಒಮ್ಮೆ ಕೋಠಿಯಲ್ಲಿ ಎಪ್ಪತ್ತೊಂಬತ್ತನೆಯ ನಂಬರಿನ ಬಸ್ಸನ್ನು "ಉನಹತ್ತರ್" ಎಂದು ಕೇಳಿ, ಯಾರೋ ತೋರಿಸಿದ ಬಸ್ಸು ಹತ್ತಿ, ಊರಿನ ಇನ್ನೊಂದು ತುದಿಗೆ ಹೋಗಿ ಇಳಿದಿದ್ದರು.

"ಚನ್ನಬಸಪ್ಪನವರೇ, ಎಪ್ಪತ್ತೊಂಬತ್ತಕ್ಕ ಹಿಂದಿಯೊಳಗ ಏನಂತಾರ?"

"ಉನ್ಯಾಸಿ," ಎಂದ ಅವನು ತಕ್ಷಣ. "ನಾ ಇಲ್ಲೇ ಹಿಂದಿ ಸಾಲಿ ಕಲಿತಾಂವ್ರಿ. ಅಣ್ಣಾರು ಊರಾಗ ಅಜ್ಜಿ ಕಡೆ ಬೆಳದ್ರು."

ಸಿದ್ದರಾಮಪ್ಪನ ಬೇರಿಂಗ್ ಅಂಗಡಿ ಫತೇನಗರದಲ್ಲಿತ್ತು. ಅಂದೇ ಮಧ್ಯಾಹ್ನ ಮೂರಕ್ಕೆ ಜೀಪು ಅಲ್ಲಿ ನಿಂತಿತು. ಗಲ್ಲಾಪೆಟ್ಟಿಗೆಯ ಹಿಂದೆ ಅವನ ಹೆಂಡತಿ ಶಿವದೇವಿ ಎದ್ದು ನಿಂತಳು.

"ಬಂದ್ರಾ? ತಮ್ಮಗ ಏನಾದ್ರೂ ಅಣ್ಣಂದ ತಪ್ಪು. ಫೋಟೋ ಬರಾಕ ತಮ್ಮ, ಪೊಲೀಸರು ಬರಾಕ ಅಣ್ಣ!"

"ನೀ ಸುಮ್ನಿರ," ಎಂದ ಸಿದ್ದರಾಮಪ್ಪ.

"ನಿಮ್ಮ ಲಾರಿ ಯಾರಿಗೆ ಮಾರಿದ್ರಿ?"

"ಗುಜರಿಯಾಂವಗ. ಹೆಸರು ಯಾಂವಗ ನೆನಪೈತ್ರಿ."

"ತಮ್ಮನ ಗಾಡಿ ನಂಬರು ನೆನಪೈತೇನು?"

ಅವನ ಮುಖ ಬಿಗಿಯಿತು. "ತಮ್ಮನ ಗಾಡಿ ಅಲ್ರಿ. ಅಪ್ಪನ ಗಾಡಿ. ಐವತ್ತೊಂದು ಎಪ್ಪತ್ತೊಂಬತ್ತು."

"ಇವರಿಗೆ ಕನ್ನಡ ಬರೂದಿಲ್ಲ," ಕಮಲಾಕ್ಷಿ ಖಾಜಾನ ಕಡೆ ಕೈ ತೋರಿದಳು. "ಹಿಂದಿಯೊಳಗ ಹೇಳ್ರಿ, ಬರಕೊಳ್ಳಲಿ."

"ಇಕ್ಯಾವನ್ ಉನಹತ್ತರ್. ಲಿಖೋ."

ಖಾಜಾ ಬರೆದು ಹಾಳೆಯನ್ನು ಅವನ ಮುಂದಿಟ್ಟ. 5169. ಪಕ್ಕದಲ್ಲಿ ಕಮಲಾಕ್ಷಿ ಆಕ್ಸಲ್ಲಿನ ಅಂಕಿಗಳ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚನ್ನಿಟ್ಟಳು. ಅದೂ 5169. ಸಿದ್ದರಾಮಪ್ಪ ಎರಡನ್ನೂ ಬಹಳ ಹೊತ್ತು ನೋಡಿದ. ತಾನು ಮಾಡಿದ ತಪ್ಪು ಯಾವುದೆಂದು ಅವನಿಗೆ ಆಗಲೂ ತಿಳಿದಂತೆ ಕಾಣಲಿಲ್ಲ.

ಸಂಜೆಯೊಳಗೆ ವೆಂಕಟೇಶ ಬಾಲಾನಗರದ ಓಣಿಗಳಲ್ಲಿ ಹುಡುಕಿ ಕಬ್ಬಿಣಕ್ಕೆ ನಂಬರಿನ ಪಂಚ್ ಹೊಡೆಯುವ ಜಹಾಂಗೀರನನ್ನು ಕರೆತಂದ. ಅವನು ಸಿದ್ದರಾಮಪ್ಪನನ್ನು ಗುರುತಿಸಿದ. ಹಳೆ ನಂಬರು ತುಕ್ಕು ಹಿಡಿದಿದೆ ಎಂದು ಶೇಠ್ ಹೇಳಿದ್ದನಂತೆ. ಚಾಸಿಯ ಮೇಲೆ ಸೀಮೆಸುಣ್ಣದಿಂದ ಬರೆದುಕೊಟ್ಟಿದ್ದ. ಜಹಾಂಗೀರ ಕೆಳಗೆ ಮಲಗಿ ಆಕ್ಸಲ್ಲಿಗೆ ಹೊಡೆಯುವಾಗ ಶೇಠ್ ಬಾಯಲ್ಲಿ ಕೂಗಿ ಹೇಳಿದ್ದ. ಇವನು ಎರಡು ಸಲ ಕೇಳಿ, ಹೇಳಿದ್ದನ್ನೇ ಹೊಡೆದಿದ್ದ.

"ಉನಹತ್ತರ್ ಬೋಲೆ, ಉನಹತ್ತರ್ ಮಾರಾ. ದೋ ಬಾರ್ ಪೂಛಾ ಮೇಡಂ!"

ಆಮೇಲೆ ಸಿದ್ದರಾಮಪ್ಪ ಏನನ್ನೂ ಮುಚ್ಚಿಡಲಿಲ್ಲ. ತನ್ನ ಲಾರಿಗೆ ಹಸಿರು ಬಳಿದು, ನಂಬರು ಅಳಿಸಿ, ತಮ್ಮನ ನಂಬರು ಹೊಡೆಸಿ, ಚಾವಿ ಕೈಲಿದ್ದ ವಾರದಲ್ಲಿ ಅದಲುಬದಲು ಮಾಡಿದ್ದ. ಮರುದಿನ ಬೆಳಿಗ್ಗೆ ಪಂಚರೊಂದಿಗೆ ಅವನನ್ನು ಮಿಯಾಪುರದ ಕಡೆಗೆ ಕರೆದೊಯ್ದರು. ಬಂಡೆ, ಮುಳ್ಳುಕಂಟಿಗಳ ನಡುವೆ ಬಾಡಿಗೆಯ ಒಂದು ಗೋದಾಮು. ಒಳಗೆ ಇನ್ನೊಂದು ಹಸಿರು ಲಾರಿ.

ಡ್ರೈವರನ ಪಕ್ಕದ ಸೀಟಿನ ಮೇಲೆ ಮಡಿಸಿದ ಟವೆಲ್ಲಿತ್ತು.

"ಇಲ್ಲೆ ಕುಂದ್ರತಿದ್ರೇನು?"

"ದಿನಾ ಸಂಜೀಕ."

"ಓಡಸಲಿಲ್ಲ?"

"ನನಗ ಓಡಸೂದು ಬೇಕಾಗಿರಲಿಲ್ರಿ. ಅಪ್ಪ ಊರಿಗೆ ಬಂದಾಗೆಲ್ಲ ಈ ಸೀಟಿನ್ಯಾಗ ತಮ್ಮ ಇರ್ತಿದ್ದ. ನಾ ಊರ ಅಗಸಿ ಬಾಗಲದಾಗ ನಿಂತು ನೋಡ್ತಿದ್ದೆ. ಅಪ್ಪನ ಬಾಜೂಕ ಒಮ್ಮಿನೂ ಕುಂತಿಲ್ಲ."

ಖಾಜಾ ಚಾಸಿಗೆ ಟಾರ್ಚು ಬಿಟ್ಟ. ಮೂರೆಳೆ ವಿಭೂತಿ, ನಿನ್ನೆ ಮುಂಜಾನೆಯದು. ಅದರಡಿಯ ನಂಬರನ್ನು ಯಾರೂ ಅಳಿಸಿರಲಿಲ್ಲ.

"ನಿಮ್ಮ ಗಾಡೀದು ಅಳಿಸಿದ್ರಿ," ಎಂದಳು ಕಮಲಾಕ್ಷಿ. "ಇದನ್ನ ಯಾಕ ಬಿಟ್ರಿ? ಇದೊಂದ ಇರದಿದ್ರ ಇದು ನಿಮ್ಮ ತಮ್ಮನ ಗಾಡಿ ಅಂತ ತೋರಸೂದು ಕಷ್ಟಿತ್ತು."

"ಗ್ರೈಂಡರ್ ತಂದಿದ್ದೆ. ಕೈ ಬರಲಿಲ್ರಿ. ಅಪ್ಪನ ಬೆರಳಾಡಿದ ಜಾಗಾ."

ಐಪಿಸಿ 380ನೇ ಕಲಮಿನಡಿ ಬಂಧನ ದಾಖಲಾಯಿತು. ಪಂಚನಾಮೆಗೆ ನಂಬರು ಬೇಕಿತ್ತು. ಖಾಜಾ ಕಣ್ಣು ಕಿರಿದು ಮಾಡಿದ, ವೆಂಕಟೇಶ ಕನ್ನಡಕ ಒರೆಸಿಕೊಂಡು ಬಗ್ಗಿದ. ಕಬ್ಬಿಣ ನುಣ್ಣಗೆ ಹೊಳೆಯುತ್ತಿತ್ತು; ಅಂಕಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೋ ಇಬ್ಬರಿಗೂ ಗೊತ್ತಾಗಲಿಲ್ಲ.

"ನಾ ಹೇಳ್ತೀನಿ ತಡೀರಿ," ಎಂದ ಸಿದ್ದರಾಮಪ್ಪ.

ಕಮಲಾಕ್ಷಿ ಬೇಡಿ ಸಡಿಲಿಸಲು ಸನ್ನೆ ಮಾಡಿದಳು. ಅವನು ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಉಂಗುರ ಬೆರಳನ್ನು ಕಬ್ಬಿಣದ ಮೇಲೆ ನಿಧಾನ ಆಡಿಸುತ್ತ, ತನ್ನ ಮೇಲಿನ ಸಾಕ್ಷಿಯನ್ನು ತಾನೇ ಕನ್ನಡದಲ್ಲಿ ಓದಿ ಹೇಳಿದ:

"ಐದು. ಒಂದು. ಏಳು. ಒಂಬತ್ತು."